ಸ್ತುತಿಗೀತೆಗಳ ಧಾಟಿಯ ಮೇಲೆ ಹೆಣೆದ ಇಂಗ್ಲಿಷ್ ಆರ್ಗನ್ ಕೃತಿಗಳು: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಮಂದ್ರಸ್ಥಾಯಿ

ಎಲ್ಲರಿಗೂ ನಮಸ್ಕಾರ. ಬಾಖ್ ಅವರ ಕೋರಾಲ್ ಪ್ರೆಲ್ಯೂಡ್‌ಗಳನ್ನು ನಾನು ಬಹಳ ಕಾಲದಿಂದ ನುಡಿಸುತ್ತಿದ್ದೇನೆ. ಲೂಥರನ್ ಸ್ತುತಿಗೀತೆಯೊಂದರ ಧಾಟಿಯನ್ನು ಎತ್ತಿಕೊಂಡು, ಅದರ ಒಂದೊಂದು ಸಾಲಿನ ಸುತ್ತ ಬೇರೆ ಬೇರೆ ಸ್ವರಪಂಕ್ತಿಗಳನ್ನು ಹೆಣೆಯುವ ಆ ಕ್ರಮ ನನಗೆ ಚೆನ್ನಾಗಿ ಪರಿಚಯವಿದೆ. ಇತ್ತೀಚೆಗೆ ರಾಲ್ಫ್ ವಾನ್ ವಿಲಿಯಮ್ಸ್ ಅವರ ‘ರೊಸಿಮೆಡ್ರೆ’ ಎಂಬ ಪುಟ್ಟ ಪ್ರೆಲ್ಯೂಡನ್ನು ಕೇಳಿದಾಗ, ಇದೇ ಕ್ರಮ ಇಂಗ್ಲೆಂಡಿನಲ್ಲಿ ಬೇರೆಯದೇ ಹದಕ್ಕೆ ಬಂದಿದೆ ಎಂದು ಅನ್ನಿಸಿತು. ಅಲ್ಲಿ ಧಾಟಿಗಿಂತ ಮೊದಲು ಬರುವ ಪಲುಕು ಧಾಟಿಯಷ್ಟೇ ಹಾಡುತ್ತದೆ, ಅವಸರವೆಂಬುದೇ ಇಲ್ಲ.

ಆದರೆ ಅದರಾಚೆಗೆ ಏನಿದೆ ಎಂದು ಹುಡುಕಹೊರಟರೆ ದಾರಿ ಸ್ಪಷ್ಟವಾಗಿ ಕಾಣುತ್ತಿಲ್ಲ. ಕಛೇರಿಗಳ ಪಟ್ಟಿಗಳಲ್ಲಿ ಬಾಖ್ ಮತ್ತು ಫ್ರೆಂಚ್ ಸಂಯೋಜಕರ ಹೆಸರುಗಳೇ ಮತ್ತೆ ಮತ್ತೆ ಬರುತ್ತವೆ. ಇಂಗ್ಲಿಷ್ ಸ್ತುತಿಗೀತೆಗಳ ಧಾಟಿಯನ್ನು ಆಧರಿಸಿದ ಆರ್ಗನ್ ಕೃತಿಗಳಲ್ಲಿ ಗಂಭೀರವಾಗಿ ಅಭ್ಯಾಸ ಮಾಡಬೇಕಾದವು ಯಾವುವು? ಅವು ಮರೆಗೆ ಸರಿಯಲು ಕಾರಣವೇನು? ನನಗೆ ದೊರೆಯುವ ವಾದ್ಯಕ್ಕೆ ಎರಡು ಕೀಬೋರ್ಡುಗಳೂ ಕಾಲಿನಿಂದ ನುಡಿಸುವ ಪೆಡಲ್ಲೂ ಇವೆ, ಆದರೆ ಸ್ಟಾಪ್‌ಗಳು (ಬೇರೆ ಬೇರೆ ನಾದದ ಕೊಳವೆಸಾಲುಗಳನ್ನು ತೆರೆಯುವ ಗುಂಡಿಗಳು) ಕಡಿಮೆ ಎಂಬುದನ್ನು ಗಮನದಲ್ಲಿಟ್ಟು, ತಿಳಿದವರು ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ: ಕೊಳವೆವಾದ್ಯ

ಮಂದ್ರಸ್ಥಾಯಿ ಅವರೇ, ಈ ಸಂಗೀತದ ಬಗ್ಗೆ ಕೇಳುವವರೇ ಅಪರೂಪವಾದ್ದರಿಂದ ನಿಮ್ಮ ಪ್ರಶ್ನೆ ನೋಡಿ ಬಹಳ ಸಂತೋಷವಾಯಿತು. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಇಂಗ್ಲೆಂಡಿನ ಆರ್ಗನಿಸ್ಟರು ಸಭೆ ಹಾಡುವ ಧಾಟಿಯನ್ನು ಆಧಾರವಾಗಿಟ್ಟುಕೊಂಡು ನುಡಿಸುವುದು 20ನೇ ಶತಮಾನದಲ್ಲಿ ಹುಟ್ಟಿದ ಪದ್ಧತಿಯಲ್ಲ. 18ನೇ ಶತಮಾನದ ಚರ್ಚುಗಳಲ್ಲಿ ಸಭೆ ಬೈಬಲಿನ ಕೀರ್ತನೆಯನ್ನು ಹಾಡತೊಡಗುವ ಮುನ್ನ ಆರ್ಗನಿಸ್ಟರು ಅದರ ಧಾಟಿಯನ್ನು ಅಲಂಕಾರಗಳೊಡನೆ ಒಮ್ಮೆ ನುಡಿಸಿ ತೋರಿಸುತ್ತಿದ್ದರು. ಹಾಡುವಾಗ ನಡುನಡುವೆ ಪುಟ್ಟ ಸ್ವರಗುಚ್ಛಗಳನ್ನು ಸೇರಿಸುತ್ತಿದ್ದರು. 1718ರಲ್ಲಿ ಪ್ರಕಟವಾದ ಡೇನಿಯಲ್ ಪರ್ಸೆಲ್ ಅವರ ಕೀರ್ತನೆಗಳ ಸಂಗ್ರಹದಲ್ಲಿ ಈ ಪದ್ಧತಿ ಸ್ವರಲಿಪಿಯಾಗಿಯೇ ಉಳಿದಿದೆ. ಅದಕ್ಕೂ ಹಿಂದೆ, ಹೆನ್ರಿ ಪರ್ಸೆಲ್ ಅವರದೆಂದು ಕೆಲವರೂ ಜಾನ್ ಬ್ಲೋ ಅವರದೆಂದು ಕೆಲವರೂ ಹೇಳುವ, ‘ಓಲ್ಡ್ ಹಂಡ್ರೆಡ್ತ್’ ಧಾಟಿಯ ಮೇಲಿನ ವಾಲಂಟರಿಯೊಂದಿದೆ (ವಾಲಂಟರಿ ಎಂದರೆ ಆರಾಧನೆಯಲ್ಲಿ ಆರ್ಗನ್ ಮಾತ್ರ ನುಡಿಸುವ ಕೃತಿ). ಆದರೆ ಆ ಕಾಲದ ಇಂಗ್ಲಿಷ್ ಆರ್ಗನ್‌ಗಳಲ್ಲಿ ಹೆಚ್ಚಿನವಕ್ಕೆ ಪೆಡಲ್ ಇರಲಿಲ್ಲವಾದ್ದರಿಂದ, ಧಾಟಿಯನ್ನೋ ಮಂದ್ರಪಂಕ್ತಿಯನ್ನೋ ಕಾಲಿಗೆ ಒಪ್ಪಿಸಿ ಎರಡೂ ಕೈಗಳಿಂದ ಬಿಡುವಾಗಿ ಹೆಣೆಯುವ ಬಾಖ್ ಮಾದರಿ ಅಲ್ಲಿ ಬೇರೂರಲು ಅವಕಾಶವೇ ಇರಲಿಲ್ಲ.

ನಿಮ್ಮ ಅಭ್ಯಾಸ ನಿಜವಾಗಿ ಆರಂಭವಾಗಬೇಕಾದದ್ದು ಹ್ಯೂಬರ್ಟ್ ಪ್ಯಾರಿ ಅವರಿಂದ. 1895ರಿಂದ 1918ರಲ್ಲಿ ತೀರಿಕೊಳ್ಳುವವರೆಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನ ನಿರ್ದೇಶಕರಾಗಿದ್ದ ಅವರು 1909ರಲ್ಲಿ ಬಾಖ್ ಅವರ ಮೇಲೆ ದೊಡ್ಡ ಗ್ರಂಥವನ್ನು ಬರೆದರು. ಬ್ರಾಹ್ಮ್ಸ್ ಅವರ ಕೊನೆಯ ಕೃತಿಯಾದ 11 ಕೋರಾಲ್ ಪ್ರೆಲ್ಯೂಡ್‌ಗಳೂ 1902ರಲ್ಲಿ ಅಚ್ಚಾಗಿ ಹೊರಬಂದಿದ್ದವು. ಈ ಎರಡರ ಬೆಳಕಿನಲ್ಲಿ ಪ್ಯಾರಿ, ತಮ್ಮ ಜನ ಭಾನುವಾರ ಭಾನುವಾರ ಹಾಡುವ ಧಾಟಿಗಳ ಕಡೆಗೆ ತಿರುಗಿದರು. ಅವರ 7 ಪ್ರೆಲ್ಯೂಡ್‌ಗಳ ಮೊದಲ ಕಂತು 1912ರಲ್ಲಿ, ಅಷ್ಟೇ ಸಂಖ್ಯೆಯ ಎರಡನೆಯ ಕಂತು 1916ರಲ್ಲಿ ಬಂತು. ‘ಡಂಡಿ’, ‘ರಾಕಿಂಗ್‌ಹ್ಯಾಮ್’, ‘ಮೆಲ್ಕಮ್’, ‘ಸೇಂಟ್ ಆ್ಯನ್’, ‘ಮಾರ್ಟರ್‌ಡಮ್’, ‘ಈವನ್‌ಟೈಡ್’, ‘ಹ್ಯಾನೋವರ್’ ಮುಂತಾದವೆಲ್ಲ ಈ ಎರಡು ಕಂತುಗಳಲ್ಲಿವೆ.

ಪ್ಯಾರಿ ಅವರ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ‘ರಾಕಿಂಗ್‌ಹ್ಯಾಮ್’ನಲ್ಲಿ ಹತ್ತಿರದಿಂದ ನೋಡಿ. ಈ ಧಾಟಿಯನ್ನು ಡಾನ್‌ಕಾಸ್ಟರ್‌ನ ಆರ್ಗನಿಸ್ಟ್ ಎಡ್ವರ್ಡ್ ಮಿಲ್ಲರ್ 1790ರಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನ ಸಭೆಗಳು ಇದಕ್ಕೆ ಕ್ರಿಸ್ತನ ಶಿಲುಬೆಯನ್ನು ಧ್ಯಾನಿಸುವ ಐಸಾಕ್ ವಾಟ್ಸ್ ಅವರ ಗೀತೆಯನ್ನು ಹಾಡುತ್ತವೆ. ಧಾಟಿಯ ಸಾಲೊಂದು ಪೂರ್ತಿಯಾಗಿ ಕೇಳಿಸುವ ಮೊದಲೇ ಅದರ ತುಣುಕುಗಳು ಸುತ್ತಲಿನ ಪಂಕ್ತಿಗಳಲ್ಲಿ ಸುಳಿದುಹೋಗುತ್ತವೆ. ಧಾಟಿಯನ್ನು ಬಲ್ಲವರಿಗೆ ಮುಂದೆ ಬರಲಿರುವ ಸಾಲಿನ ಸೂಚನೆ ಸಿಗುತ್ತದೆ, ಅವರು ಕಾಯುತ್ತಾರೆ, ಅದು ಬಂದಾಗ ಮನಸ್ಸು ತುಂಬಿಬರುತ್ತದೆ. ಧಾಟಿಯನ್ನು ಅರಿಯದವರಿಗೆ ಕೇಳಿಸುವುದು ಹಿತವಾದ, ನಿಧಾನಗತಿಯ ಒಂದು ಆರ್ಗನ್ ಕೃತಿ ಮಾತ್ರ. ಈ ಸಂಗೀತದ ಸೊಗಸೂ ಅದು ಮರೆಯಾದದ್ದರ ಕಾರಣವೂ ಇಲ್ಲೇ ಒಟ್ಟಿಗೆ ಇವೆ ಎಂದು ನಾನು ನಂಬಿದ್ದೇನೆ. ಅದು ಕೇಳುಗರ ನೆನಪನ್ನು ಒಂದು ವಾದ್ಯದಂತೆ ಬಳಸಿಕೊಳ್ಳುತ್ತದೆ. ಆ ನೆನಪು ಬತ್ತಿದಲ್ಲಿ ಕೃತಿಯ ಅರ್ಧಭಾಗ ಮೂಕವಾಗುತ್ತದೆ. ಚರ್ಚಿಗೆ ಹೋಗುವವರ ಸಂಖ್ಯೆ ಇಳಿದಂತೆಲ್ಲ ಈ ಧಾಟಿಗಳನ್ನು ಬಾಯಿಪಾಠವಾಗಿ ಬಲ್ಲವರೂ ಕಡಿಮೆಯಾದರು.

ಆದ್ದರಿಂದ ಯಾವ ಪ್ರೆಲ್ಯೂಡನ್ನು ಕಲಿಯುವುದಕ್ಕೂ ಮೊದಲು ಆ ಸ್ತುತಿಗೀತೆಯನ್ನು ಎಲ್ಲ ಚರಣಗಳೊಂದಿಗೆ ಬಾಯಿಬಿಟ್ಟು ಹಾಡಿರಿ. ಕೇಳುಗರ ಮುಂದೆ ನುಡಿಸುವಾಗಲೂ ಮೊದಲು ಧಾಟಿಯನ್ನು ನಾಲ್ಕು ಕಂಠಗಳಲ್ಲಿ ಸರಳವಾಗಿ ಒಮ್ಮೆ ನುಡಿಸಿ, ಆಮೇಲೆ ಪ್ರೆಲ್ಯೂಡಿಗೆ ಹೋಗಿರಿ. ಇದು ಸೌಜನ್ಯಕ್ಕಾಗಿ ಮಾಡುವ ಕೆಲಸವಲ್ಲ; ಕೃತಿ ಪೂರ್ಣವಾಗಲು ಬೇಕಾದ ಭಾಗವೇ ಅದು.

ಪ್ಯಾರಿ ಅವರ ಜೊತೆಜೊತೆಗೆ ಚಾರ್ಲ್ಸ್ ವುಡ್ ಅವರನ್ನು ಇಟ್ಟುಕೊಳ್ಳಿ. ಆರ್ಮಾದಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಬೋಧಿಸಿದ ವುಡ್, ಹಳೆಯ ಇಂಗ್ಲಿಷ್ ಮತ್ತು ಸ್ಕಾಟಿಷ್ ಕೀರ್ತನ ಸಂಗ್ರಹಗಳ ಧಾಟಿಗಳನ್ನು ಆಧರಿಸಿ 16 ಪ್ರೆಲ್ಯೂಡ್‌ಗಳನ್ನು 1912ರಲ್ಲಿ ಪ್ರಕಟಿಸಿದರು. ಪ್ಯಾರಿ ಅವರ ಮೊದಲ ಕಂತು ಹೊರಬಂದ ವರ್ಷವೂ ಅದೇ. ಇವು ಚಿಕ್ಕವು, ಆಡಂಬರವಿಲ್ಲದವು, ಕಡಿಮೆ ಸ್ಟಾಪ್‌ಗಳಿರುವ ವಾದ್ಯಕ್ಕೆ ಒಪ್ಪುವಂಥವು. ಸ್ಟ್ಯಾನ್‌ಫರ್ಡ್ ಅವರ ಆಪಸ್ (ಕೃತಿಸಂಖ್ಯೆ) 105ರಲ್ಲಿಯೂ ಹಳೆಯ ಇಂಗ್ಲಿಷ್ ಸಂಯೋಜಕ ಆರ್ಲ್ಯಾಂಡೊ ಗಿಬ್ಬನ್ಸ್ ಅವರ ಧಾಟಿಗಳ ಮೇಲೆ ರಚಿಸಿದ ಪುಟ್ಟ ಕೃತಿಗಳಿವೆ. ಪ್ಯಾರಿ, ಸ್ಟ್ಯಾನ್‌ಫರ್ಡ್, ವುಡ್ ಈ ಮೂವರೂ ವಾನ್ ವಿಲಿಯಮ್ಸ್ ಅವರ ಗುರುಗಳೆಂಬುದನ್ನು ನೆನೆದರೆ, ನೀವು ಕೇಳಿದ ‘ರೊಸಿಮೆಡ್ರೆ’ ಯಾವ ಮನೆಯ ಕೂಸು ಎಂಬುದು ತಿಳಿಯುತ್ತದೆ. ಅದು 1920ರಲ್ಲಿ ಪ್ರಕಟವಾದ, ವೆಲ್ಷ್ ಧಾಟಿಗಳ ಮೇಲಿನ ಮೂರು ಪ್ರೆಲ್ಯೂಡ್‌ಗಳಲ್ಲಿ ನಡುವಿನದು. ಅದರ ಅಕ್ಕಪಕ್ಕದ ‘ಬ್ರಿನ್ ಕಾಲ್ವಾರಿಯ’ ಮತ್ತು ‘ಹವ್ರದಾಲ್’ಗಳನ್ನು ನುಡಿಸುವವರು ಕಡಿಮೆ, ಮೂರನ್ನೂ ಒಟ್ಟಿಗೆ ಕೇಳಿದರೆ ನಡುವಿನ ಕೃತಿಯ ಶಾಂತಿ ಇನ್ನಷ್ಟು ಎದ್ದುಕಾಣುತ್ತದೆ.

ಉತ್ತರ: ನಾಲ್ಕನೇ ಚರಣ

ಕೊಳವೆವಾದ್ಯ ಅವರು ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಆದರೆ ಕೇಳುಗರಿಗೆ ಧಾಟಿ ತಿಳಿದಿರಲೇಬೇಕು ಎಂಬ ಮಾತಿಗೆ ಒಂದು ಮಿತಿಯನ್ನು ಸೇರಿಸಬಯಸುತ್ತೇನೆ. ಬಾಖ್ ಅವರು ಆರಿಸಿಕೊಂಡ ಲೂಥರನ್ ಗೀತೆಗಳಲ್ಲಿ ಹಲವನ್ನು ಇಂದಿನ ಕೇಳುಗರಲ್ಲಿ ಬಹುಪಾಲು ಮಂದಿ ಒಮ್ಮೆಯೂ ಹಾಡಿರುವುದಿಲ್ಲ. ಆದರೂ ಆ ಕೃತಿಗಳು ಬದುಕಿವೆ. ಹಾಗಾಗಿ ಧಾಟಿ ಮರೆತುಹೋದದ್ದೊಂದೇ ನಿರ್ಲಕ್ಷ್ಯಕ್ಕೆ ಕಾರಣವಾಗಲಾರದು.

ಇಂಗ್ಲೆಂಡಿನಲ್ಲಿ ಅಭಿರುಚಿಯೂ ತಿರುಗಿತು. 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ರಾಲ್ಫ್ ಡೌನ್ಸ್ ಅವರ ವಿನ್ಯಾಸದಂತೆ ಹ್ಯಾರಿಸನ್ ಅಂಡ್ ಹ್ಯಾರಿಸನ್ ಸಂಸ್ಥೆ ಕಟ್ಟಿದ ಆರ್ಗನ್ ಬಂದ ಮೇಲೆ, ಬರೋಕ್ ಕಾಲದ ಸ್ಪಷ್ಟವಾದ, ತೀಕ್ಷ್ಣವಾದ ನಾದವೇ ಆದರ್ಶವೆಂಬ ನಿಲುವು ಬಲಗೊಂಡಿತು. ಪ್ಯಾರಿ ಮತ್ತು ಅವರ ಸಮಕಾಲೀನರು ಬರೆದದ್ದು ಆರ್ಗನ್ನಿನ ಮೂಲನಾದದ ಸ್ಟಾಪ್‌ಗಳಾದ ಡಯಪೇಸನ್‌ಗಳ ತುಂಬುನಾದಕ್ಕೆ, ಕೆಲವು ಕೊಳವೆಗಳನ್ನು ಒಳಗಿಟ್ಟ ಸ್ವೆಲ್ ಪೆಟ್ಟಿಗೆಯ ಬಾಗಿಲುಗಳು ಮೆಲ್ಲನೆ ತೆರೆಯುತ್ತ ಮುಚ್ಚುತ್ತ ಮಾಡುವ ಏರಿಳಿತಕ್ಕೆ. ಹೊಸ ರೀತಿಯ ವಾದ್ಯದಲ್ಲಿ ಆ ಸಂಗೀತ ಒಣಗಿದಂತೆ ಕೇಳಿಸಿತು; ದೋಷವನ್ನು ಮಾತ್ರ ಸಂಗೀತದ ತಲೆಗೆ ಕಟ್ಟಲಾಯಿತು. ಇದು ಅನ್ಯಾಯವೇ ಸರಿ.

ಆದರೂ ಮರೆತುಹೋದದ್ದೆಲ್ಲವೂ ಮರಳಿ ಬರಲು ಯೋಗ್ಯವಲ್ಲ. ಆರಾಧನೆಗೆ ಮೊದಲು ಮೂರು ನಾಲ್ಕು ನಿಮಿಷ ತುಂಬಲೆಂದು ಬರೆದ ಪುಸ್ತಿಕೆಗಳು ಬೇಕಾದಷ್ಟಿವೆ. ಅವುಗಳ ಸೂತ್ರ ಒಂದೇ: ನಾಲ್ಕು ಮಾತ್ರೆಯ ಪೀಠಿಕೆ, ಧಾಟಿಯ ಒಂದು ಸಾಲು, ಮತ್ತೆ ಅದೇ ಪೀಠಿಕೆ, ಇನ್ನೊಂದು ಸಾಲು, ಕೊನೆಯಲ್ಲಿ ಗಟ್ಟಿಯಾದ ಮುಕ್ತಾಯ. ಆರಿಸಿಕೊಳ್ಳಲು ನಾನು ಬಳಸುವ ಪರೀಕ್ಷೆ ಹೀಗಿದೆ: ಧಾಟಿಯ ಪಂಕ್ತಿಯನ್ನು ಬಿಟ್ಟು ಉಳಿದದ್ದನ್ನು ಮಾತ್ರ ನುಡಿಸಿ ನೋಡಿ. ‘ರೊಸಿಮೆಡ್ರೆ’ಯಲ್ಲಿ ಧಾಟಿಯನ್ನು ತೆಗೆದರೂ ಆ ಎದುರುಪಂಕ್ತಿಯನ್ನು ಒಂದು ಹಾಡಿನಂತೆ ಗುನುಗಬಹುದು, ಅದಕ್ಕೆ ತನ್ನದೇ ಆದ ಉಸಿರಿದೆ. ಪ್ಯಾರಿ ಅವರ ‘ಮಾರ್ಟರ್‌ಡಮ್’ ಕೂಡ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಉಳಿದದ್ದು ಬರೀ ಸ್ವರಗಳ ತುಂಬುವಿಕೆಯಾಗಿದ್ದರೆ ಆ ಪುಟವನ್ನು ನಿಶ್ಚಿಂತೆಯಿಂದ ಮುಚ್ಚಿಬಿಡಿ.

ಉತ್ತರ: ಹಳೆಯ ಪುಟಗಳು

ನಾನು ಹುಡುಕುವ ದಾರಿಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಇಲ್ಲಿ ಹೆಚ್ಚಿನವರು ಸೋತು ಹಿಂದಿರುಗುವುದು ಅಲ್ಲಿಯೇ.

ಇಂಗ್ಲಿಷ್ ಸ್ತುತಿಗೀತೆಗಳಲ್ಲಿ ಸಾಹಿತ್ಯಕ್ಕೂ ಧಾಟಿಗೂ ಬೇರೆ ಬೇರೆ ಹೆಸರುಗಳಿರುತ್ತವೆ. ಒಂದೇ ಛಂದಸ್ಸಿನ ಬೇರೆ ಬೇರೆ ಗೀತೆಗಳನ್ನು ಒಂದೇ ಧಾಟಿಗೆ ಹಾಡಬಹುದಾದ್ದರಿಂದ ಈ ವ್ಯವಸ್ಥೆ ಬೆಳೆದುಬಂತು. ಆರ್ಗನ್ ಕೃತಿಗಳು ಬಹುಪಾಲು ಧಾಟಿಯ ಹೆಸರಿನಲ್ಲಿಯೇ ಇರುತ್ತವೆ. ಗೀತೆಯ ಮೊದಲ ಸಾಲನ್ನು ಹಿಡಿದು ಹುಡುಕಿದರೆ ಏನೂ ಸಿಗದೆ ಹೋಗಬಹುದು. ‘ದಿ ಇಂಗ್ಲಿಷ್ ಹಿಮ್ನಲ್’ನಂಥ ಸಂಗ್ರಹದ ಕೊನೆಯಲ್ಲಿರುವ ಧಾಟಿಗಳ ಸೂಚಿಯನ್ನು ಮೊದಲು ಪಕ್ಕದಲ್ಲಿಟ್ಟುಕೊಳ್ಳಿ. 1906ರಲ್ಲಿ ಬಂದ ಆ ಸಂಗ್ರಹದ ಸಂಗೀತ ಸಂಪಾದಕರು ವಾನ್ ವಿಲಿಯಮ್ಸ್ ಅವರೇ. ಗಿಬ್ಬನ್ಸ್ ಅವರ ಧಾಟಿಗಳಿಗೆ ‘ಸಾಂಗ್ 13’, ‘ಸಾಂಗ್ 22’ ಎಂಬ ಹೆಸರುಗಳಿರುವುದು, ಅವು 1623ರಲ್ಲಿ ಬಂದ ಜಾರ್ಜ್ ವಿದರ್ ಅವರ ಗೀತಸಂಗ್ರಹಕ್ಕಾಗಿ ರಚಿತವಾದ್ದರಿಂದ. ಕೆಲವು ಹೆಸರುಗಳು ದಾರಿ ತಪ್ಪಿಸುತ್ತವೆ ಕೂಡ: ಇಂಗ್ಲೆಂಡಿನವರು ‘ಡಂಡಿ’ ಎನ್ನುವ ಧಾಟಿಯನ್ನು ಸ್ಕಾಟ್ಲೆಂಡಿನವರು ‘ಫ್ರೆಂಚ್’ ಎನ್ನುತ್ತಾರೆ.

ಇನ್ನು ಸ್ವರಲಿಪಿಗಳು. ಬ್ರಿಟನ್ನಿನಲ್ಲಿ ಸಂಯೋಜಕರು ತೀರಿಕೊಂಡ ವರ್ಷದಿಂದ 70 ವರ್ಷಗಳವರೆಗೆ ಹಕ್ಕುಸ್ವಾಮ್ಯ ಇರುತ್ತದೆ. 1918ರಲ್ಲಿ ತೀರಿಕೊಂಡ ಪ್ಯಾರಿ, 1924ರಲ್ಲಿ ತೀರಿಕೊಂಡ ಸ್ಟ್ಯಾನ್‌ಫರ್ಡ್, 1926ರಲ್ಲಿ ತೀರಿಕೊಂಡ ವುಡ್ ಇವರ ಕೃತಿಗಳು ಎಂದೋ ಮುಕ್ತವಾಗಿವೆ. ಹಕ್ಕು ಮುಗಿದ ಸ್ವರಲಿಪಿಗಳನ್ನು ಇರಿಸುವ ಅಂತರಜಾಲ ಭಂಡಾರಗಳಲ್ಲಿ ಹುಡುಕಿದರೆ ದೊರೆಯುವಂಥವು. ಪರ್ಸಿ ವಿಟ್ಲಾಕ್ 1946ರಲ್ಲಿ ತೀರಿಕೊಂಡರು. ಅವರ ಕೃತಿಗಳು 2017ರ ಆರಂಭದಲ್ಲಿ ಬಿಡುಗಡೆಯಾದವು. ತೊಂದರೆ ಇರುವುದು ಅವರಿಗಿಂತ ತಡವಾಗಿ ತೀರಿಕೊಂಡವರ ಕೃತಿಗಳಲ್ಲಿ. ಅಲೆಕ್ ರೌಲಿ 1958ರಲ್ಲಿ, ಎರಿಕ್ ಥೀಮನ್ 1975ರಲ್ಲಿ, ಹೆರಾಲ್ಡ್ ಡಾರ್ಕ್ 1976ರಲ್ಲಿ ತೀರಿಕೊಂಡವರು. ಇವರ ಕೃತಿಗಳ ಮೇಲೆ ಹಕ್ಕು ಇನ್ನೂ ಇದೆ, ಆದರೆ ಅವುಗಳಲ್ಲಿ ಎಷ್ಟೋ ಕೃತಿಗಳ ಮುದ್ರಣ ನಿಂತುಹೋಗಿದೆ. ಕೊಳ್ಳಲು ಸಿಗದ, ಪ್ರತಿ ಮಾಡಿಕೊಳ್ಳಲು ಅನುಮತಿಯೂ ಇಲ್ಲದ ಈ ನಡುವಿನ ಕಾಲದ ಕೃತಿಗಳೇ ನಿಜವಾಗಿ ಅಲಕ್ಷ್ಯಕ್ಕೆ ಒಳಗಾದವು. ಪ್ಯಾರಿ ಅವರನ್ನು ಯಾರಾದರೊಬ್ಬರು ನುಡಿಸುತ್ತಲೇ ಇರುತ್ತಾರೆ. ಇವರನ್ನು ನುಡಿಸಬೇಕೆಂದರೆ ಹಳೆಯ ಸ್ವರಲಿಪಿಗಳನ್ನು ಮಾರುವವರ ಪಟ್ಟಿಗಳನ್ನು ತಾಳ್ಮೆಯಿಂದ ನೋಡುತ್ತಿರಬೇಕು. ನಿವೃತ್ತರಾದ ಆರ್ಗನಿಸ್ಟರ ಸಂಗ್ರಹಗಳು ಮಾರಾಟಕ್ಕೆ ಬಂದಾಗ ಇಂಥ ತೆಳು ಪುಸ್ತಿಕೆಗಳು ಒಂದು ಕಟ್ಟಿನಲ್ಲಿ ಒಟ್ಟಾಗಿ ಸಿಗುತ್ತವೆ. ಪ್ರಕಾಶಕರಿಗೆ ನೇರವಾಗಿ ಬರೆದು ಕೇಳುವುದೂ ಒಳ್ಳೆಯದು. ಹಕ್ಕು ತಮ್ಮಲ್ಲಿಯೇ ಉಳಿದಿರುವ ಕೃತಿಯ ಪ್ರತಿಯನ್ನು ಕೇಳಿದವರಿಗಾಗಿ ಮಾಡಿಕೊಡುವ ಪ್ರಕಾಶಕರಿದ್ದಾರೆ.

ಇವರಲ್ಲಿ ಇಬ್ಬರ ಬಗ್ಗೆ ಹೇಳದೆ ಇರಲಾರೆ. ಡಾರ್ಕ್ ಅವರು ಲಂಡನ್ನಿನ ಸೇಂಟ್ ಮೈಕಲ್ ಕಾರ್ನ್‌ಹಿಲ್ ಚರ್ಚಿನಲ್ಲಿ 1916ರಿಂದ 1966ರವರೆಗೆ, 50 ವರ್ಷ ಆರ್ಗನಿಸ್ಟರಾಗಿದ್ದವರು. ಅಲ್ಲಿನ ಸೋಮವಾರದ ಮಧ್ಯಾಹ್ನದ ಕಛೇರಿಗಳನ್ನು ಆರಂಭಿಸಿದವರೂ ಅವರೇ. ಅವರ ಆಪಸ್ 20ರ ಮೂರು ಕೋರಾಲ್ ಪ್ರೆಲ್ಯೂಡ್‌ಗಳನ್ನು ಹುಡುಕಿ ತೆಗೆಯಿರಿ. ವಿಟ್ಲಾಕ್ ಅವರು ಬೋರ್ನ್‌ಮತ್ ನಗರದ ಆರ್ಗನಿಸ್ಟರು. ಸಮುದ್ರತೀರದ ಪೆವಿಲಿಯನ್‌ನಲ್ಲಿ ಲಘುಸಂಗೀತ ನುಡಿಸುತ್ತಿದ್ದ ಅವರ ಬೆರಳುಗಳೇ 1944ರ ಆರು ಸ್ತುತಿಗೀತೆಯ ಪ್ರೆಲ್ಯೂಡ್‌ಗಳನ್ನೂ ಬರೆದವು. ‘ಡಾರ್ವಾಲ್ಸ್ 148’ರಂಥ ಎದೆಯುಬ್ಬಿಸುವ ಧಾಟಿ, ಗಿಬ್ಬನ್ಸ್ ಅವರ ‘ಸಾಂಗ್ 13’ರಂಥ ಮೃದುವಾದ ಧಾಟಿ ಎರಡನ್ನೂ ಅವರು ಅಲ್ಲಿ ತೆಗೆದುಕೊಂಡಿದ್ದಾರೆ. ಅವರ ಹಾರ್ಮನಿಯ ಬಣ್ಣ ಪ್ಯಾರಿ ಅವರಿಗಿಂತ ಬಹಳ ಬೆಚ್ಚಗಿನದು. ಆ ಬಣ್ಣವನ್ನು ಕಂಡು ಇದು ಹಗುರವಾದ ಸಂಗೀತವೆಂದು ತಳ್ಳಿಹಾಕಿದವರು ‘ಸಾಂಗ್ 13’ರ ಒಳಪಂಕ್ತಿಗಳನ್ನು ಒಂದೊಂದಾಗಿ ನುಡಿಸಿ ನೋಡಬೇಕು.

ಪಕ್ಕದ ಮಾತಾದರೂ ಎಥೆಲ್ ಸ್ಮಿತ್ ಅವರ ಪುಟ್ಟ ಕೋರಾಲ್ ಪ್ರೆಲ್ಯೂಡ್‌ಗಳನ್ನು ಇಲ್ಲಿ ನೆನೆಯುತ್ತೇನೆ. 1913ರಲ್ಲಿ ಪ್ರಕಟವಾದ ಅವು ಜರ್ಮನ್ ಧಾಟಿಗಳನ್ನು ಆಧರಿಸಿವೆಯಾದ್ದರಿಂದ ನಿಮ್ಮ ಪ್ರಶ್ನೆಯ ಗಡಿಯಿಂದ ಸ್ವಲ್ಪ ಹೊರಗಿವೆ. ಆದರೆ ಬಾಖ್ ಅವರಿಂದ ಇಂಗ್ಲೆಂಡಿಗೆ ಬರುವವರಿಗೆ ಅವು ಒಳ್ಳೆಯ ಸೇತುವೆ.

ಮರುಪ್ರಶ್ನೆ: ಮಂದ್ರಸ್ಥಾಯಿ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ವುಡ್ ಅವರ ಹೆಸರನ್ನೇ ನಾನು ಈ ಸಂದರ್ಭದಲ್ಲಿ ಕೇಳಿರಲಿಲ್ಲ. ಮೊದಲು ‘ರೊಸಿಮೆಡ್ರೆ’ಯನ್ನು ಸರಿಯಾಗಿ ಕಲಿತು, ನಂತರ ‘ರಾಕಿಂಗ್‌ಹ್ಯಾಮ್’ಗೆ ಹೋಗಬೇಕೆಂದುಕೊಂಡಿದ್ದೇನೆ. ಒಂದು ತೊಡಕಿದೆ. ‘ರೊಸಿಮೆಡ್ರೆ’ಯಲ್ಲಿ ಧಾಟಿ ಮೊದಲ ಬಾರಿ ಟೆನರ್‌ನಲ್ಲಿ (ಕೆಳಗಿನಿಂದ ಎರಡನೆಯ ಪಂಕ್ತಿಯಲ್ಲಿ) ಬರುವಾಗ ಮೇಲಿನ ಪಂಕ್ತಿಗಳು ಅದನ್ನು ನುಂಗಿಬಿಡುತ್ತವೆ. ಧಾಟಿಗೆ ಗಟ್ಟಿಯಾದ ಸ್ಟಾಪ್ ತೆಗೆದರೆ ಅದು ಒರಟಾಗಿ ಮುಂದೆ ನುಗ್ಗುತ್ತದೆ. ಮುಖ್ಯ ಕೀಬೋರ್ಡಾದ ಗ್ರೇಟ್‌ನಲ್ಲಿ ಓಪನ್ ಡಯಪೇಸನ್, ಸ್ಟಾಪ್ಡ್ ಡಯಪೇಸನ್, ಡಲ್ಸಿಯಾನ, ಪ್ರಿನ್ಸಿಪಲ್. ಎರಡನೆಯ ಕೀಬೋರ್ಡಾದ ಸ್ವೆಲ್‌ನಲ್ಲಿ ಗೆಡಾಕ್ಟ್, ಗ್ಯಾಂಬ, ಓಬೋ. ಪೆಡಲ್‌ಗೆ 16 ಅಡಿಯ (ಒಂದು ಸ್ಥಾಯಿ ಕೆಳಗೆ ನುಡಿಯುವ) ಬೂರ್ಡನ್ ಮಾತ್ರ ಇವೆ. ಇದರಲ್ಲಿ ಏನು ಮಾಡಬಹುದು?

ಉತ್ತರ: ಕೊಳವೆವಾದ್ಯ

ನೀವು ಬರೆದ ಸ್ಟಾಪ್‌ಗಳ ಪಟ್ಟಿ ಇಂಗ್ಲೆಂಡಿನ ಹಳ್ಳಿಯ ಚರ್ಚುಗಳ ಎಷ್ಟೋ ಆರ್ಗನ್‌ಗಳ ಪಟ್ಟಿಯನ್ನೇ ಹೋಲುತ್ತದೆ. ಆದ್ದರಿಂದ ಈ ಸಂಗೀತಕ್ಕೆ ನಿಮ್ಮ ವಾದ್ಯ ಚಿಕ್ಕದಾಯಿತೆಂಬ ಚಿಂತೆ ಬೇಡ.

ಟೆನರ್‌ನ ಧಾಟಿಯನ್ನು ಎಡಗೈಯಿಂದ ಸ್ವೆಲ್‌ನ ಓಬೋದಲ್ಲಿ ನುಡಿಸಿ. ಪೆಟ್ಟಿಗೆ ಅರ್ಧ ಮಾತ್ರ ತೆರೆದಿರಲಿ. ಬಲಗೈಯ ಪಂಕ್ತಿಗಳಿಗೆ ಗ್ರೇಟ್‌ನ ಸ್ಟಾಪ್ಡ್ ಡಯಪೇಸನ್ ಒಂದೇ ಸಾಕು. ಓಬೋದ ನಾದ ಆ ಸ್ಥಾಯಿಯಲ್ಲಿ ತೆಳುವಾಗಿ, ಆದರೆ ಅಂಚು ಸ್ಪಷ್ಟವಾಗಿ ಕೇಳಿಸುವುದರಿಂದ, ಗಟ್ಟಿಯಾಗದೆಯೇ ಧಾಟಿ ಬೇರೆಯಾಗಿ ನಿಲ್ಲುತ್ತದೆ. ನಿಮ್ಮ ಓಬೋ ಒರಟಾಗಿದ್ದರೆ ಅದರೊಂದಿಗೆ ಗೆಡಾಕ್ಟ್ ಸೇರಿಸಿ. ಕೊಳಲಿನಂಥ ಆ ನಾದ ಅಂಚನ್ನು ಮೃದುವಾಗಿಸುತ್ತದೆ. ಪೆಡಲ್‌ನಲ್ಲಿ ಬೂರ್ಡನ್ ಒಂದೇ ಇದ್ದರೆ ಸ್ವರಗಳು ಗುಂಯ್‌ಗುಟ್ಟಿ ಕಲಸಿಕೊಳ್ಳುತ್ತವೆ. ಆದರೆ ಓಬೋ ಬಳಸುವಾಗ ಸ್ವೆಲ್ ಅನ್ನು ಪೆಡಲ್‌ಗೆ ಜೋಡಿಸಿದರೆ ಕಾಲಿನ ಪಂಕ್ತಿಯೂ ಓಬೋದಲ್ಲಿಯೇ ಮೊಳಗುತ್ತದೆ. ಆದ್ದರಿಂದ ಈ ಭಾಗದಲ್ಲಿ ಗ್ರೇಟನ್ನು ಪೆಡಲ್‌ಗೆ ಜೋಡಿಸಿ. ಸ್ಟಾಪ್ಡ್ ಡಯಪೇಸನ್‌ನ 8 ಅಡಿಯ (ಬರೆದ ಸ್ಥಾಯಿಯಲ್ಲೇ ನುಡಿಯುವ) ನಾದ ಮಂದ್ರಸ್ವರಗಳಿಗೆ ಆಕಾರ ಕೊಡುತ್ತದೆ.

ಎರಡನೇ ಬಾರಿ ಧಾಟಿ ಮೇಲಿನ ಪಂಕ್ತಿಯಾದ ಸೊಪ್ರಾನೊಗೆ ಏರಿದಾಗ ಬಣ್ಣ ಬದಲಾಯಿಸುವ ಆಸೆ ಬರುತ್ತದೆ. ಸ್ವಲ್ಪ ನಾದ ಹೆಚ್ಚಿಸುವುದು ಸರಿ, ಆದರೆ ಪ್ರಿನ್ಸಿಪಲ್ ತೆಗೆಯಬೇಡಿ. ಕೊನೆಯಲ್ಲಿ ಆರಂಭದ ಪಲುಕು ಮರಳಿದಾಗ ಇಳಿಯಬೇಕಾದ ದಾರಿ ಆಗ ಕಡಿದಾಗುತ್ತದೆ. ವೇಗವನ್ನು ಮಾತ್ರ ಪೀಠಿಕೆಯಿಂದ ನಿರ್ಧರಿಸದೆ, ಧಾಟಿಯ ಒಂದು ಸಾಲನ್ನು ಒಂದೇ ಉಸಿರಿನಲ್ಲಿ ಹಾಡಲು ಎಷ್ಟು ಹಿಡಿಯುತ್ತದೆಯೋ ಅದರಿಂದ ನಿರ್ಧರಿಸಿ. ವಾದ್ಯದ ಮುಂದೆ ಕುಳಿತವರಿಗೆ ಎರಡು ಕೀಬೋರ್ಡುಗಳ ನಾದದ ಹೊಂದಾಣಿಕೆ ಸರಿಯಾಗಿ ತಿಳಿಯುವುದಿಲ್ಲವಾದ್ದರಿಂದ, ಒಬ್ಬರನ್ನು ಸಭೆ ಕುಳಿತುಕೊಳ್ಳುವ ಜಾಗದ ನಡುವೆ ಕೂರಿಸಿ, ಧಾಟಿಯ ಮೊದಲ ಸಾಲು ಎಲ್ಲಿ ಆರಂಭವಾಯಿತೆಂದು ಕೈಯೆತ್ತಿ ತೋರಿಸಲು ಹೇಳಿ. ಅವರು ತಡಮಾಡದೆ ಕೈಯೆತ್ತುವವರೆಗೆ ಸ್ಟಾಪ್‌ಗಳನ್ನು ಹೊಂದಿಸುತ್ತಿರಿ.